ಧಣಿಗಳ ಕಾರಿಗೆ ಹೇಳಿದ ‘ಬರ್ತೇನೆ’

ಇದು ನಡೆದದ್ದು. ನಂಬದವರ ಹತ್ತಿರ ನನಗೆ ಜಗಳ ಇಲ್ಲ. ಕತ್ತಲಾದ ಮೇಲೆ ಆ ಗುಡ್ಡೆಗೆ ಒಬ್ಬರೇ ಹೋಗಿ ಬರಲಿ, ಆಮೇಲೆ ಮಾತಾಡುವ. ನಾನು ಸಣ್ಣದಕ್ಕೆಲ್ಲ ಬೊಬ್ಬೆ ಹಾಕುವ ಹೆಂಗಸಲ್ಲ. ಹೆರಿಗೆ ಮಾಡಿಸಿದ್ದೇನೆ, ಹೆಣ ಮೀಯಿಸಿದ್ದೇನೆ. ಹೆದರಿದ್ದು ಇದೊಂದಕ್ಕೇ.

ಕಾಪುವಿನಿಂದ ಪೂರ್ವಕ್ಕೆ, ಗುಡ್ಡೆಯ ಬುಡದಲ್ಲಿ ನಮ್ಮ ಮನೆ. ಗದ್ದೆಗಳೆಲ್ಲ ಧಣಿಗಳ ಕೈತಪ್ಪಿ ಒಕ್ಕಲುಗಳಿಗೆ ಆಗಿ ಕೆಲವು ವರ್ಷ ಕಳೆದಿತ್ತು. ಕರೆಂಟು ಇನ್ನೂ ಬಂದಿರಲಿಲ್ಲ. ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದರು. ಅವರ ದುಡಿಮೆ ದಾರಿಯ ಸಾರಾಯಿ ಗಡಂಗಿನವರೆಗೆ ಬರುತ್ತಿತ್ತು, ಮನೆಯವರೆಗೆ ಬರುತ್ತಿರಲಿಲ್ಲ. ಅತ್ತೆ, ನಾನು, ಎರಡು ಮಕ್ಕಳು ಉಣ್ಣುತ್ತಿದ್ದದ್ದು ಕೆಂಪಿ ಎಂಬ ಒಂದು ಹಸುವಿನಿಂದ.

ಆ ಸಂಜೆ ಕೆಂಪಿ ಬರಲಿಲ್ಲ.

ತುಂಬು ಗಬ್ಬದ ಹಸು. ಕರು ಹಾಕುವ ಹೊತ್ತಿಗೆ ದನ ಮರೆ ಹುಡುಕಿಕೊಂಡು ಹೋಗುತ್ತದೆ. ಗುಡ್ಡೆಯಲ್ಲಿ ನರಿಗಳಿದ್ದವು. ಹಸಿ ಕರುವಿನ ವಾಸನೆ ಸಿಕ್ಕಿದರೆ ಅವು ಬೆಳಗಿನವರೆಗೆ ಕಾಯುವುದಿಲ್ಲ. ಕರು ಹೋದರೆ ಹಸು ಹಾಲು ಬಿಡುವುದಿಲ್ಲ. ಹಾಲು ಇಲ್ಲದಿದ್ದರೆ ನಮಗೆ ಗಂಜಿ ಇಲ್ಲ. ಅಷ್ಟೇ ಲೆಕ್ಕ.

ಒಣ ತೆಂಗಿನ ಗರಿಯ ಸೂಟೆ ಕಟ್ಟಿ ಹೊತ್ತಿಸಿಕೊಂಡು ಹೊರಟೆ. ನೆರೆಮನೆಯ ಕಾರ್ಮಿನ್ ಬಾಯಿ ಇನ್ನೊಂದು ಸೂಟೆ ಹಿಡಿದು ಜೊತೆಗೆ ಬಂದಳು. ದಾರಿಯುದ್ದಕ್ಕೂ ಅವಳ ಬಾಯಿಯಲ್ಲಿ ಅರ್ಧ ಜಪ, ಅರ್ಧ ಬೈಗುಳ.

“ನಿಮ್ಮ ಹಸು ನಿಮ್ಮ ಹಾಗೇ ಗಿರಿಜಕ್ಕ. ಯಾರ ಮಾತೂ ಕೇಳುವುದಿಲ್ಲ.”

ಗುಡ್ಡೆಯ ಮೇಲೆ ಧಣಿಗಳ ಹಳೆಯ ತೋಟ. ಧಣಿಗಳು ತೀರಿಕೊಂಡಿದ್ದರು, ಅವರ ಹೆಂಡತಿ, ಊರಿಗೆಲ್ಲ ದೊಡ್ಡಮ್ಮ, ಅವರೂ ತೀರಿಕೊಂಡಿದ್ದರು. ಉಳಿದವರು ಬೊಂಬಾಯಿಯಲ್ಲಿ. ಮನೆಯ ಮಾಡು ಕುಸಿದು, ತೋಟವೆಲ್ಲ ಹಾಡಿಯಾಗಿತ್ತು. ಮುಳ್ಳು, ಬಳ್ಳಿ, ಸೊಂಟದೆತ್ತರದ ಹುಲ್ಲು. ಸೌದೆಗೆ ಹೋಗುವವರೂ ಅದರ ಬದಿಯಲ್ಲೇ ಹೋಗುತ್ತಿದ್ದರು, ಒಳಗೆ ನುಗ್ಗುತ್ತಿರಲಿಲ್ಲ.

ಒಳಗಿನಿಂದ ಕೆಂಪಿಯ ಗಂಟೆ ಕೇಳಿತು.

ಒಮ್ಮೆ... ಸ್ವಲ್ಪ ಬಿಟ್ಟು ಮತ್ತೊಮ್ಮೆ.

ಕತ್ತಿಯಿಂದ ಬಳ್ಳಿ ಕಡಿದು ನುಗ್ಗಿದೆವು. ನಾಲ್ಕು ಮಾರು ಹೋಗಿರಬಹುದು, ಕಾರ್ಮಿನ್ ನನ್ನ ರಟ್ಟೆ ಹಿಡಿದಳು. ಎದುರಿಗೆ ಎರಡು ದುಂಡನೆಯ ಕಣ್ಣು, ಸೂಟೆಯ ಬೆಳಕಿಗೆ ಹೊಳೆಯುತ್ತಿದ್ದವು.

“ಹುಲಿ,” ಅಂದಳು, ಉಸಿರಿನಲ್ಲೇ.

ಹುಲಿಯ ಕಣ್ಣು ಅಷ್ಟು ಅಗಲ ಇರುವುದಿಲ್ಲ. ಸೂಟೆ ಬೀಸಿ ಹತ್ತಿರ ಹೋದೆ. ಕಾರಿನ ದೀಪಗಳು.

ಒಂದಲ್ಲ, ಮೂರು ಕಾರು. ಸಾಲಾಗಿ ನಿಂತಿದ್ದವು. ಅವುಗಳ ಮೇಲಿದ್ದ ಕಾರಿನ ಕೊಟ್ಟಿಗೆ ಬಿದ್ದು ಮಣ್ಣಾಗಿತ್ತು. ಉದ್ದ ಮೂತಿ, ಬದಿಯಲ್ಲಿ ಹತ್ತುವ ಮೆಟ್ಟಿಲು, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸುವ ತೂತು. ನಾನು ಸಣ್ಣವಳಿದ್ದಾಗ ಈ ಕಾರು ಬರುವ ಸದ್ದು ಕೇಳಿದರೆ ನಾವೆಲ್ಲ ದಾರಿಯಿಂದ ಗದ್ದೆಗೆ ಇಳಿದು ತಲೆ ತಗ್ಗಿಸಿ ನಿಲ್ಲಬೇಕಿತ್ತು. ಹಿಂದಿನ ಸೀಟಿನಲ್ಲಿ ದೊಡ್ಡಮ್ಮ. ಮುಖ ನೋಡಿದ ನೆನಪಿಲ್ಲ, ನೋಡುವ ಕ್ರಮ ಇರಲಿಲ್ಲ. ನೆನಪಿರುವುದು ಧೂಳು, ಪೆಟ್ರೋಲಿನ ವಾಸನೆ, ಅದರ ಹಿಂದೆ ಹೊಗೆಸೊಪ್ಪು ಹಾಕಿದ ತಾಂಬೂಲದ ವಾಸನೆ.

ಊರಿನವರೆಲ್ಲ ಈ ಕಾರುಗಳನ್ನು ಮರೆತೇ ಬಿಟ್ಟಿದ್ದರು. ನಾನೂ.

ಮೊದಲ ಎರಡು ಕಾರು ಬಳ್ಳಿ ಮುಚ್ಚಿ ಗುಡ್ಡದ ಹಾಗೆ ಇದ್ದವು. ಮೂರನೆಯದಕ್ಕೆ ಬಳ್ಳಿ ಹಬ್ಬಿರಲಿಲ್ಲ. ನಮಗೆ ಹೊಳೆದದ್ದು ಅದರದ್ದೇ ದೀಪ. ಯಾರೋ ಈಗಷ್ಟೇ ಬಟ್ಟೆಯಲ್ಲಿ ಒರೆಸಿದ ಹಾಗೆ...

ಅದರ ಪಕ್ಕದಲ್ಲಿ ಕೆಂಪಿ. ಕಾಲಬುಡದಲ್ಲಿ ಕರು, ಮೈಯೆಲ್ಲ ನೆಕ್ಕಿ ಆಗಿತ್ತು. ಹೆಣ್ಣು ಕರು. ನನಗೆ ಜೀವ ಬಂತು.

ಆದರೆ ಹಸು ಕರುವನ್ನು ನೋಡುತ್ತಿರಲಿಲ್ಲ. ಕಾರಿನ ಹಿಂದಿನ ಕಿಟಕಿಗೆ ಕತ್ತು ಚಾಚಿ, ಕಣ್ಣು ಅರ್ಧ ಮುಚ್ಚಿ ನಿಂತಿತ್ತು. ಗಂಗೆದೊಗಲು ತುರಿಸಿದರೆ ದನ ನಿಲ್ಲುತ್ತದಲ್ಲ, ಹಾಗೆ. ಕತ್ತು ಸಣ್ಣಗೆ ಅಲುಗಿದಾಗೆಲ್ಲ ಗಂಟೆ ಒಂದು ಸಲ.

ಕಾರ್ಮಿನ್ ಹಗ್ಗ ಹಾಕಿ ಎಳೆದಳು. ಬರಲಿಲ್ಲ. ಬೆನ್ನಿಗೆ ಬಾರಿಸಿದ ಮೇಲೆ ಬಂತು. ಅವಳು ಹಸುವಿನ ಜೊತೆ ಮುಂದೆ ಹೋದಳು. ನಾನು ಬಗ್ಗಿ ಕರುವನ್ನು ಹೆಗಲಿಗೆ ಹಾಕಿಕೊಂಡೆ. ನನ್ನ ಸೂಟೆ ಆರುವುದರಲ್ಲಿತ್ತು. ಮೂಗಿಗೆ ಹೊಗೆಸೊಪ್ಪಿನ ವಾಸನೆ ಬಡಿಯಿತು.

“ಹೊರಟೆಯಾ?”

ಕಾರಿನ ಒಳಗಿನಿಂದ. ಹೆಂಗಸಿನ ಸ್ವರ. ಗಟ್ಟಿಯೂ ಅಲ್ಲ, ಮೆಲ್ಲಗೂ ಅಲ್ಲ. ದವಡೆಯಲ್ಲಿ ತಾಂಬೂಲ ಇಟ್ಟುಕೊಂಡು ಕೇಳಿದ ಹಾಗೆ.

ನಾನು ತಲೆ ಎತ್ತಲಿಲ್ಲ. ಸಣ್ಣಂದಿನ ಅಭ್ಯಾಸ, ಕುತ್ತಿಗೆ ತಾನೇ ಬಗ್ಗಿತು, ಬಾಯಿ ತಾನೇ ಹೇಳಿತು.

“ಹೌದಮ್ಮ, ಬರ್ತೇನೆ.”

“ಹ್ಞೂಂ. ಬಾ.”

ನಾನು ನಡೆದು ಬಂದೆ. ಹಾಡಿಯಿಂದ ಹೊರಗೆ ಕಾಲಿಟ್ಟಾಗ ಕಾರ್ಮಿನ್ ನಿಂತು ಕಾಯುತ್ತಿದ್ದಳು.

“ಯಾರ ಹತ್ತಿರ ಮಾತಾಡಿದ್ದು?”

“ದೊಡ್ಡಮ್ಮನ ಹತ್ತಿರ,” ಎಂದೆ.

ಹೇಳಿದ ಮೇಲೆ ನನಗೆ ಗೊತ್ತಾಯಿತು. ದೊಡ್ಡಮ್ಮ ತೀರಿಕೊಂಡು ಬೊಜ್ಜದ ಊಟ ಹಾಕಿದ ದಿನ ಹಿಂದಿನ ಅಂಗಳದಲ್ಲಿ ಪಾತ್ರೆ ತೊಳೆದವಳು ನಾನೇ...

ಸ್ವರ ಕಾರ್ಮಿನ್‌ಗೆ ಕೇಳಿರಲಿಲ್ಲ. ನನ್ನ ಮಾತು ಕೇಳಿತ್ತು. ಅದರ ಬೆನ್ನಿಗೇ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತ್ತು. ಆ ಸದ್ದು ನನಗೆ ಕೇಳಿರಲಿಲ್ಲ. ಇವತ್ತಿಗೂ ನಾವಿಬ್ಬರೂ ನಮ್ಮ ನಮ್ಮ ಮಾತು ಬಿಟ್ಟುಕೊಟ್ಟಿಲ್ಲ.

ಮನೆಯಲ್ಲಿ ಅತ್ತೆ ಕರುವಿಗೆ ಬೈಹುಲ್ಲು ಹಾಸುತ್ತಾ ಎಲ್ಲ ಕೇಳಿದರು. ದೊಡ್ಡಮ್ಮನ ಸ್ವರ ಎಂದಾಗ ಅವರು ಬೆಚ್ಚಲಿಲ್ಲ. ಕಡೇ ಕಾಲದಲ್ಲಿ ಆ ಅಮ್ಮ ಸಂಜೆಯಾದರೆ ಓಡದ ಕಾರಿನಲ್ಲಿ ಹೋಗಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು, ಅದು ತಮಗೆ ಗೊತ್ತುಂಟು ಎಂದರು. ನಾನು ಹೇಳಿದ ಉತ್ತರ ಕೇಳಿದಾಗ ಮಾತ್ರ ಕೈ ನಿಂತಿತು.

“ಬರ್ತೇನೆ ಅಂದೆಯಾ?”

ಮನೆಯಿಂದ ಹೊರಡುವಾಗ ನಾವು ‘ಹೋಗ್ತೇನೆ’ ಎನ್ನುವುದಿಲ್ಲ, ‘ಬರ್ತೇನೆ’ ಎನ್ನುತ್ತೇವೆ. ಆದರೆ ಸಾವಿನ ಮನೆಯಿಂದ ಏಳುವಾಗ ಆ ಮಾತು ಇಲ್ಲ. ಬಾಯಿ ಮುಚ್ಚಿ ಎದ್ದು ಬರಬೇಕು. ಸಣ್ಣ ಮಕ್ಕಳಿಗೂ ಗೊತ್ತಿರುವ ಕ್ರಮ.

“ಹೇಳಬಾರದ್ದು ಹೇಳಿ ಬಂದೆ. ಇನ್ನು ಆ ಕಡೆ ಕಾಲು ಹಾಕಬೇಡ,” ಎಂದರು.

ಗಂಡ ಬೋಟಿನಿಂದ ಬಂದವರು ಕೇಳಿ ನಕ್ಕರು. ಹೆಂಗಸರಿಗೆ ಹಸು ಕಂಡರೂ ಭೂತ, ಕಾರು ಕಂಡರೂ ಭೂತ ಎಂದು ಗೇಲಿ ಮಾಡಿಕೊಂಡು ಊರಿನ ಇಬ್ಬರು ಗಂಡಸರನ್ನು ಕರೆದುಕೊಂಡು ಹಗಲಿನಲ್ಲೇ ಹೋದರು. ಬರುವಾಗ ನಗು ಇರಲಿಲ್ಲ.

ಕಾರು ಮೂರೂ ಇದ್ದವು. ಮೂರನ್ನೂ ಬಳ್ಳಿ ಮುಚ್ಚಿತ್ತಂತೆ. ಮೂರನೆಯದರ ಬಾಗಿಲಿಗೆ ಬೇರು ಸುತ್ತಿ ವರ್ಷಗಳೇ ಆಗಿದ್ದವಂತೆ. ಹಿಂದಿನ ಸೀಟಿನಲ್ಲಿ ಹುತ್ತ ಬೆಳೆದು ಕಾರಿನ ಮಾಡಿಗೆ ತಾಗಿತ್ತಂತೆ.

“ಒಳಗೆ ಒಬ್ಬರು ಕೂರಲಿಕ್ಕೆ ಜಾಗವೇ ಇಲ್ಲ ಮಾರಾಯ್ತಿ,” ಎಂದರು.

ಕೆಂಪಿ ಹಾಲು ಕೊಟ್ಟಿತು, ನಾವು ಉಂಡೆವು. ಕೆಲವು ವರ್ಷದ ಮೇಲೆ ಗುಜರಿಯವರು ಬಂದು ಎರಡು ಕಾರು ತುಂಡು ಮಾಡಿ ಒಯ್ದರು. ಹುತ್ತ ಇದ್ದದ್ದನ್ನು ಮುಟ್ಟಲಿಲ್ಲ. ಹುತ್ತ ಒಡೆಯುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ.

ಅದೇ ವರ್ಷ ಒಂದು ಸಂಜೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. ಅಲ್ಲಿ ಹುಟ್ಟಿದ ಕರು ಈಗ ಹಸುವಾಗಿತ್ತು, ನಾನು ಕರೆಯುತ್ತಿದ್ದದ್ದು ಅದನ್ನೇ. ಮೇವು ತಿನ್ನುತ್ತಿದ್ದದ್ದು ನಿಲ್ಲಿಸಿತು. ಕತ್ತು ಕತ್ತಲೆಯ ಕಡೆಗೆ ಚಾಚಿತು. ಕಣ್ಣು ಅರ್ಧ ಮುಚ್ಚಿತು.

ಹೊಗೆಸೊಪ್ಪಿನ ವಾಸನೆ...

“ಎಂತ, ಬರ್ತೇನೆ ಅಂದವಳು ಬರ್ಲೇ ಇಲ್ಲ ಅಲ್ವಾ?”

ಸಿಟ್ಟಿನ ಸ್ವರ ಅಲ್ಲ. ಪೇಟೆಯಲ್ಲಿ ಸಿಕ್ಕಿದವರು ಕೇಳುವ ಹಾಗೆ.

ನಾನು ಉತ್ತರ ಕೊಡಲಿಲ್ಲ. ತಲೆ ಎತ್ತಲೂ ಇಲ್ಲ. ಚೊಂಬು ಹಿಡಿದುಕೊಂಡು ಕೂತೇ ಇದ್ದೆ, ವಾಸನೆ ಹೋಗುವವರೆಗೆ. ಹಸು ಆ ದಿನ ಮತ್ತೆ ಒಂದು ತೊಟ್ಟು ಹಾಲು ಇಳಿಸಲಿಲ್ಲ.

ಅಂದಿನಿಂದ ಎಲ್ಲಿಗೆ ಹೊರಟರೂ ನಾನು ‘ಹೋಗ್ತೇನೆ’ ಎಂದೇ ಹೇಳುವುದು. ಅಪಶಕುನ ಎಂದು ಸೊಸೆ ಬೈಯುತ್ತಾಳೆ. ಬೈಯಲಿ.

ಮಗನಿಗೆ ಒಂದು ಮಾತು ಹೇಳಿಟ್ಟಿದ್ದೇನೆ. ನಾನು ಸತ್ತರೆ ಆ ತೋಟದ ದಾರಿಯಲ್ಲಿ ನನ್ನನ್ನು ಒಯ್ಯಬಾರದು. ಸ್ಮಶಾನಕ್ಕೆ ಅದೇ ಹತ್ತಿರ, ನನಗೂ ಗೊತ್ತು. ಹೊರುವವರಿಗೆ ಕಷ್ಟ ಆಗುತ್ತದೆ. ಆಗಲಿ, ಸುತ್ತಿಕೊಂಡೇ ಒಯ್ಯಲಿ.