ಅಪ್ಪ ಕತ್ತರಿ ಹಾಕಲಾರದ ಸೀರೆ

ತೀರ್ಥಹಳ್ಳಿಯಲ್ಲಿ ನಾನೀಗ ಇರುವ ಬೀದಿಯ ತಿರುವಿನಲ್ಲಿ ಒಬ್ಬರು ತಳ್ಳುಗಾಡಿಯ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಾರೆ. ನೀರು ಚಿಮುಕಿಸಿದ ಬಟ್ಟೆಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎಳೆದಾಗ ಒಂದು ವಾಸನೆ ಏಳುತ್ತದೆ, ಹಬೆಯೂ ಹತ್ತಿಯೂ ತುಸು ಹೊಗೆಯೂ ಬೆರೆತದ್ದು. ಅದು ಮೂಗಿಗೆ ತಾಗಿದರೆ ಸಾಕು, ನನ್ನ ಕಾಲು ನಿಧಾನವಾಗುತ್ತದೆ. ಹೊಸನಗರದ ಬಸ್ ನಿಲ್ದಾಣದ ಎದುರಿಗಿದ್ದ ನಮ್ಮ ಮನೆ ಇಡೀ ಈ ವಾಸನೆಯಲ್ಲೇ ನೆನೆದಿತ್ತು. ಮುಂದಿನ ಕೋಣೆ ಅಪ್ಪನ ಟೈಲರ್ ಅಂಗಡಿ, ಹಿಂದಿನ ಎರಡು ಕೋಣೆಗಳಲ್ಲಿ ಅಪ್ಪ, ಅವ್ವ ಮತ್ತು ನಾನು. ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ಕೊನೆಗೆ ನಮ್ಮದೇ ಆಯಿತಾದರೂ ಅಣ್ಣತಮ್ಮಂದಿರಲ್ಲಿ ಹಂಚಿ ಚೂರಾಗಿತ್ತು. ಕಿರಿಯವರಾದ ಅಪ್ಪ ಹೊಲಿಗೆ ಕಲಿತು ಪೇಟೆಗೆ ಬಂದಿದ್ದರು. ಉಣ್ಣುವ ತಟ್ಟೆಯಲ್ಲೂ ಒಮ್ಮೊಮ್ಮೆ ಬಣ್ಣದ ದಾರದ ತುಂಡು ಸಿಗುತ್ತಿದ್ದ ಮನೆ ಅದು.

ಹುಂಚದ ಬಸ್ಸಿನ ಕಂಡಕ್ಟರ್ ಮಂಜಪ್ಪನವರು ಅಪ್ಪನ ಹಳೆಯ ಗಿರಾಕಿ. ಅವರ ಹೆಂಡತಿ ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದರು. ಒಂದು ಮಧ್ಯಾಹ್ನ ಅವರು ಮಗಳು ಶಾರದೆಯನ್ನು ಕರೆದುಕೊಂಡು ಬಂದು, ಪೇಪರಿನಲ್ಲಿ ಸುತ್ತಿದ ಸೀರೆಯೊಂದನ್ನು ಮೇಜಿನ ಮೇಲಿಟ್ಟರು. ಎಲೆಹಸಿರು ಮೈ, ಅರಿಶಿನ ಬಣ್ಣದ ಅಂಚು. "ಇವ್ಳ ಚಿಕ್ಕಮ್ಮನ ಮದುವೆ ಇದೆ. ಅಮ್ಮನ ಧಾರೆ ಸೀರೇಲೇ ಲಂಗ ಹೊಲಿಸ್ಕೊಡು ಅಂತ ಹಟ. ಅವಳದ್ದು ಅಂತ ಒಳ್ಳೆ ಸೀರೆ ಇದೊಂದೇ ಉಳಿದಿರೋದು. ನೋಡ್ಕಂಡು ಮಾಡಿ ಮಾರಾಯ್ರೆ," ಎಂದರು. ಶಾರದೆಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಅಪ್ಪ ಟೇಪು ಹಿಡಿದು ಅವಳ ಸೊಂಟ, ಎತ್ತರ ಅಳೆಯುವಾಗ ಅವಳು ಉಸಿರು ಬಿಗಿಹಿಡಿದು, ಸೀರೆಯನ್ನೇ ನೋಡುತ್ತ ನಿಂತಿದ್ದಳು.

ಕಪಾಟು ಸೇರಿದ ಆ ಸೀರೆಗೆ ಕತ್ತರಿ ಬೀಳಲೇ ಇಲ್ಲ. ಅಪ್ಪ ಬೆಳಿಗ್ಗೆ ಅದನ್ನು ತೆಗೆದು ಮೇಜಿನ ಮೇಲೆ ಹರಡುತ್ತಿದ್ದರು, ಕತ್ತರಿ ಕೈಗೆ ತೆಗೆದುಕೊಳ್ಳುತ್ತಿದ್ದರು, ಅಷ್ಟರಲ್ಲಿ ಯಾರದೋ ಪ್ಯಾಂಟಿನ ಗುಂಡಿ ನೆನಪಾಗಿ ಸೀರೆ ಮಡಿಸಿ ಮೇಲಿಡುತ್ತಿದ್ದರು. ಒಂದು ದಿನ ಕತ್ತರಿ ಮೊಂಡು ಎಂದರು. ಇನ್ನೊಂದು ದಿನ ಮೋಡ ಮುಚ್ಚಿದೆ, ಬೆಳಕು ಸಾಲದು ಎಂದರು. ಯೂನಿಫಾರಂ ಕೆಲಸ ಮುಗಿಯಲಿ ಎಂದರು. ಅದು ಮುಗಿದ ದಿನ ಮಿಷನ್ನು ಬಿಚ್ಚಿ ಎಣ್ಣೆ ಹಾಕುತ್ತ ಕೂತರು. ಹುಂಚದ ಬಸ್ಸು ಬಂದು ನಿಂತರೆ ಅಪ್ಪ ಎದ್ದು ಒಳಗೆ ಬಂದು, ಬಚ್ಚಲ ಒಲೆಯ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದರು. "ಆಯ್ತಾ ಮಾರಾಯ್ರೆ?" ಎಂದು ಮಂಜಪ್ಪನವರು ಹೊರಗಿನಿಂದ ಕೂಗಿದರೆ ಅವ್ವನೇ ಹೋಗಿ ಏನಾದರೊಂದು ಹೇಳಬೇಕಿತ್ತು. ಅಪ್ಪ ಸೋಮಾರಿಯಲ್ಲ, ಅದು ನಮಗೆಲ್ಲ ಗೊತ್ತು. ಆದರೆ ಒಮ್ಮೆ ಕತ್ತರಿಸಿದರೆ ಅದು ಮತ್ತೆ ಸೀರೆಯಾಗುವುದಿಲ್ಲ. ದಿನ ಕಳೆದಷ್ಟೂ ಆ ಬಟ್ಟೆ ಅವರ ಕಣ್ಣಿಗೆ ಇನ್ನಷ್ಟು ದುಬಾರಿಯಾಗುತ್ತಿತ್ತು, ಕೈ ಇನ್ನಷ್ಟು ಹಿಂಜರಿಯುತ್ತಿತ್ತು.

ಮದುವೆ ಹತ್ತಿರ ಬಂತು. ಊಟ ಮುಗಿದ ಒಂದು ಮಧ್ಯಾಹ್ನ ಅವ್ವ ತಾನೇ ಸೀರೆ ಕೆಳಗಿಳಿಸಿ, ಅಂಗಡಿಯ ಹೊಸಿಲ ಮೇಲೆ ಕೂತಳು. ಅವಳು ಬೈಯುತ್ತಾಳೆಂದುಕೊಂಡು ನಾನು ಬಾಗಿಲ ಮರೆಗೆ ಸರಿದೆ. ಅವಳು ಬೈಯಲಿಲ್ಲ. "ಇವತ್ತು ಕತ್ರಿ ಮುಟ್ಬೇಡಿ," ಎಂದಳು. "ಲಂಗನೂ ಬ್ಯಾಡ, ಎಂತದೂ ಬ್ಯಾಡ. ಈ ಫಾಲ್ ಒಂದು ಬಿಚ್ಚಿಕೊಡಿ. ಒಗೆದು ಹಾಕ್ತೀನಿ."

"ಅಷ್ಟೇಯಾ?"

"ಅಷ್ಟೇ. ಆಮೇಲೆ ಮಡಿಸಿ ಮೇಲಿಟ್ಬಿಡಿ."

ಅಪ್ಪ ಅನುಮಾನದಿಂದಲೇ ಅವಳ ಪಕ್ಕ ಕೂತು, ಸೂಜಿಯ ಮೊನೆಯಿಂದ ಅಂಚಿನ ಹೊಲಿಗೆ ಬಿಡಿಸತೊಡಗಿದರು. ಒಂದೊಂದೇ ಎಳೆ ಕಿತ್ತು ಬರುತ್ತಿತ್ತು. ಮೊಳದಷ್ಟು ಬಿಚ್ಚಿದ ಮೇಲೆ ಅವರ ಕೈ ನಿಂತಿತು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದರು. "ಏ, ಇದು ನಂದೇ ಕೈ ಕಣೇ! ಆಗ ಅಂಗಡಿ ಹಾಕಿ ಇನ್ನೂ ವರ್ಷ ಆಗಿರ್ಲಿಲ್ಲ. ನೋಡು, ಎಷ್ಟು ಸೊಟ್ಟ ಹಾಕಿದೀನಿ." ಅವ್ವ ಬಾಗಿ ನೋಡಿ, "ಸೊಟ್ಟನೇ," ಎಂದಳು. "ಆದ್ರೂ ಇದನ್ನೇ ಉಟ್ಕಂಡು ಧಾರೆಗೆ ನಿಂತಳಲ್ಲ ಆ ತಾಯಿ." ಅಪ್ಪ ಮತ್ತೆ ಸೂಜಿ ಹಿಡಿದರು. ಫಾಲ್ ಪೂರ್ತಿ ಬಿಚ್ಚಿ ಅವ್ವನ ಮಡಿಲಿಗೆ ಹಾಕಿದರು. ಸೀರೆ ಸುಕ್ಕಾಗಿದೆಯೆಂದು ಇಸ್ತ್ರಿ ಹಾಕಿದರು. ಹೇಗೂ ಹರಡಿದೆಯಲ್ಲ ಎಂದು ಚಾಕ್‌ಪೀಸಿನಲ್ಲಿ ಗುರುತು ಎಳೆದರು. ಆಮೇಲೆ ಕತ್ತರಿಯ ಸದ್ದು ಕೇಳಿಸಿತು, ಅಂಗಡಿಯ ಉದ್ದಕ್ಕೂ, ಎಲ್ಲೂ ತಡೆಯದೆ. ಅವ್ವ ಆಗಲೇ ಒಳಗೆ ಹೋಗಿ ಅಕ್ಕಿ ಆರಿಸುತ್ತಿದ್ದಳು. ತಾನೊಂದು ದೊಡ್ಡ ಕೆಲಸ ಮಾಡಿಸಿದೆನೆಂಬ ಭಾವ ಅವಳ ಮುಖದಲ್ಲಿ ಕಾಣಲಿಲ್ಲ.

ಮದುವೆಯ ದಿನ ಬಸ್ಸು ನಿಲ್ದಾಣಕ್ಕೆ ಹೋಗುವ ಮೊದಲು ನಮ್ಮ ಅಂಗಡಿಯ ಮುಂದೆ ನಿಂತಿತು. ಮಂಜಪ್ಪನವರು ಶಾರದೆಯನ್ನು ಕೈಹಿಡಿದು ಇಳಿಸಿದರು. ಅವಳು ಒಂದು ಸುತ್ತು ತಿರುಗಿದಾಗ ಹಸಿರು ಲಂಗ ಅರಳಿತು. ಬಸ್ಸಿನಲ್ಲಿ ಕೂತ ಜನರೆಲ್ಲ ಕಿಟಕಿಯಿಂದ ನೋಡುತ್ತಿದ್ದರು, ಹೊತ್ತಾಯಿತೆಂದು ಯಾರೂ ಗೊಣಗಲಿಲ್ಲ. ಮಂಜಪ್ಪನವರು ಬಗ್ಗಿ ಮಗಳ ಲಂಗದ ಅಂಚನ್ನು ಸವರಿದರು. "ಒಳಗೆ ಬಟ್ಟೆ ಮಡಿಸಿಟ್ಟಿದೀನಿ. ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಬಹುದು," ಎಂದರು ಅಪ್ಪ. ಹಾಗೇ ಮುಂದಿನ ಬೇಸಿಗೆಗಳಲ್ಲಿ ಶಾರದೆ ಬರುತ್ತಿದ್ದಳು, ಅಪ್ಪ ಒಂದೊಂದು ಮಡಿಕೆ ಬಿಚ್ಚುತ್ತಿದ್ದರು. ಒಂದು ವರ್ಷ ಅಂಚನ್ನು ಹಿಂದೆ ಮುಂದೆ ತಿರುವಿ ನೋಡಿ, "ಇನ್ನು ಬಿಚ್ಚಕ್ಕೆ ಬಟ್ಟೆ ಇಲ್ಲ ಮಗಾ," ಎಂದರು. ಅವಳು ಲಂಗವನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದಳು.

ಅಪ್ಪ ಹೋದರು, ಬಹಳ ತಡಮಾಡದೆ ಅವ್ವನೂ ಹೋದಳು. ರಸ್ತೆ ಅಗಲ ಮಾಡುವಾಗ ಮನೆ ಖಾಲಿ ಮಾಡಬೇಕಾಯಿತು. ಬೀಗ ತೆಗೆದು, ನಿಂತು ನೋಡಿ, ಮತ್ತೆ ಬೀಗ ಹಾಕಿ ಎಷ್ಟೋ ಸಲ ಹಿಂದಿರುಗಿದೆ. ಒಂದು ದಿನ, ಇವತ್ತು ಗೋಡೆಯ ಕ್ಯಾಲೆಂಡರ್ ಒಂದನ್ನು ತೆಗೆದರೆ ಸಾಕು ಎಂದುಕೊಂಡು ಒಳಗೆ ಹೋದೆ. ಸಂಜೆಯ ಹೊತ್ತಿಗೆ ಅಂಗಡಿಯ ಕಪಾಟೂ ಬರಿದಾಗಿತ್ತು. ನಿಮಗೂ ಇಂಥ ಒಂದು ಮನೆ ಇದ್ದಿರಬಹುದು, ಖಾಲಿ ಮಾಡುವ ಸರದಿ ನಿಮ್ಮದೂ ಆಗಿದ್ದಿರಬಹುದು. ಈಗ ಹೊಸನಗರಕ್ಕೆ ಹೋದಾಗ ನಮ್ಮ ಮನೆಯಿದ್ದ ಜಾಗದ ಮೇಲೆ ಹಾದುಹೋಗಿರುವ ಟಾರು ರಸ್ತೆಯ ಅಂಚಿನಲ್ಲಿ ನಿಂತು, ಅವ್ವ ಕೂತಿದ್ದ ಹೊಸಿಲು ಎಲ್ಲಿತ್ತೆಂದು ಕಣ್ಣಳತೆಯಲ್ಲಿ ಹುಡುಕುತ್ತೇನೆ. ಬಸ್ಸು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇನೆ.