ತಾಯಿಯ ಮಂಚ

ನನಗೆ ಸವತಿ ಬಂದದ್ದು ಉದ್ದುದ್ದ ಕಾಗದದ ಸುರುಳಿಗಳಲ್ಲಿ. ನನ್ನ ಗಂಡ ಮಕ್ಕಳ ಹೃದಯಕ್ಕೆ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು. ಗೆಳೆಯ ಡಾಕ್ಟರರ ಜೊತೆ ಸೇರಿ ಮಕ್ಕಳ ಹೃದಯಕ್ಕಾಗಿಯೇ ಒಂದು ಆಸ್ಪತ್ರೆ ಕಟ್ಟಲು ಹೊರಟರಲ್ಲ, ಅಂದಿನಿಂದ ಹಿಮಾಯತ್‌ನಗರದ ನಮ್ಮ ಮನೆಯ ಊಟದ ಮೇಜು ನಮ್ಮದಾಗಿ ಉಳಿಯಲಿಲ್ಲ. ಅದರ ಮೇಲೆ ನಕ್ಷೆಗಳು ಮೈಚೆಲ್ಲಿ ಮಲಗಿದವು, ನಾವು ತಾಟನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಒಮ್ಮೆ ನನ್ನ ಕೈಯಿಂದ ಒಂದು ಹನಿ ಸಾರು ಆಪರೇಷನ್ ಥಿಯೇಟರಿನ ಮೇಲೆ ಬಿತ್ತು. ಅದನ್ನು ಅವರು ಪಂಚೆಯ ತುದಿಯಿಂದ ಒತ್ತಿ ಒತ್ತಿ ತೆಗೆದ ಜತನ ನೋಡಿ ನನಗೆ ಮೈಯೆಲ್ಲ ಉರಿಯಿತು. ನನಗೆ ಜ್ವರ ಬಂದಾಗ ಹಣೆ ಮುಟ್ಟಿದ ಕೈ ಅಷ್ಟು ಮೆತ್ತಗಿರಲಿಲ್ಲ.

ನಮಗೆ ಮಕ್ಕಳಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ನನ್ನನ್ನು ಬರೀ ಜಗಳಗಂಟಿ ಅಂದುಕೊಳ್ಳುತ್ತೀರಿ. ಜಗಳಗಂಟಿ ಹೌದು, ಬರೀ ಜಗಳಗಂಟಿ ಅಲ್ಲ. ಮಾಡಿಸಬೇಕಾದ ಚಿಕಿತ್ಸೆಯೆಲ್ಲ ಮಾಡಿಸಿದ್ದೆವು. ಹೊರಬೇಕಾದ ಹರಕೆಯೆಲ್ಲ ಹೊತ್ತಿದ್ದೆವು. ಇಬ್ಬರ ಕೂದಲೂ ಬೆಳ್ಳಗಾಗುವ ಹೊತ್ತಿಗೆ ಆ ಮಾತನ್ನು ಆಡುವುದನ್ನೇ ಬಿಟ್ಟಿದ್ದೆವು. ನಾನು ಕೋಠಿಯ ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಕೂತಿರುತ್ತಿದ್ದೆ. ಅವರು ಕಂಡವರ ಮಕ್ಕಳ ಎದೆ ರಿಪೇರಿ ಮಾಡುತ್ತಿದ್ದರು. ಸಂಜೆ ಮನೆಗೆ ಬಂದು ‘ಇವತ್ತು ಒಂದು ಕೂಸು ನಕ್ಕಿತು’ ಎಂದು ಹೇಳಿದರೆ ನಾನು ಚಹಾಕ್ಕೆ ಸಕ್ಕರೆ ಹಾಕುವುದನ್ನು ಬೇಕಂತಲೇ ಮರೆಯುತ್ತಿದ್ದೆ.

ಉರಿಯುವುದಕ್ಕೆ ಗಾಳಿ ಹಾಕಲು ನಮ್ಮ ಅತ್ತೆ ಇದ್ದರು. ಕಲಬುರಗಿ ಕಡೆಯವರು. ಮದುವೆಯಾಗಿ ಈ ತೆಲುಗು ಊರಿಗೆ ಬಂದು ಕಾಲವೆಷ್ಟೋ ಆಗಿತ್ತು, ಮಾತು ಮಾತ್ರ ಅಲ್ಲಿಯದೇ. ಆಸ್ಪತ್ರೆಗೆ ಪಾಯಾ ತೋಡಿದ ದಿನ ಪಕ್ಕದ ಮನೆಯವಳನ್ನು ಕರೆದು ಹೇಳಿದರು: “ನಮ್ಮ ಮನ್ಯಾಗ ಈಗ ಕೂಸು ಬರಾಕತ್ತೈತಿ ನೋಡವಾ. ಮಗನ ಆಸ್ಪತ್ರಿ ಏಳಾಕತ್ತೈತಿ!”

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಮ್ಮತ್ತೆಗೆ ಇಟ್ಟಿಗೆಯೂ ಮುದ್ದು. ನಾನು ಒಳಗಿನಿಂದಲೇ ಕೂಗಿದೆ: “ಭಾಳ ಛಲೋ ಆತ್ರಿ ಅತ್ತಿ. ಹಾಲು ಯಾರು ಕುಡಸೋರು ಈ ಕೂಸಿಗೆ?”

“ಸಿಮಿಟಿನ ಕೂಸಿಗೆ ಹಾಲು ಯಾಕವಾ? ದಿನಾ ನೀರು ಹೊಡದರ ಸಾಕು,” ಎಂದರು ಅತ್ತೆ. ಅವರನ್ನು ಮಾತಿನಲ್ಲಿ ಸೋಲಿಸಿದವರು ಯಾರೂ ಇಲ್ಲ.

ಕಟ್ಟಡ ನೆಲದಿಂದ ಎದ್ದ ಮೇಲೆ ನಾಚಾರಂ ಓಡಾಟ ಶುರುವಾಯಿತು. ಅಲ್ಲಿನ ಕಾರ್ಖಾನೆಗಳ ನಡುವೆ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು, ಅದರೊಳಗೆ ರೋಗಿಯ ಕೋಣೆಯೊಂದನ್ನು ಪ್ಲೈವುಡ್ಡಿನಲ್ಲಿ ಮಾಡಿಸಿದರು. ಗೊಂಬೆ ಮನೆಯಲ್ಲ, ನಿಜವಾದ ಅಳತೆಯದು. ಒಳಗಿನ ಗೋಡೆ ಎದ್ದ ಮೇಲೆ ತಪ್ಪು ಕಂಡರೆ ಒಡೆಯಬೇಕು. ಪ್ಲೈವುಡ್ ಆದರೆ ಬಡಗಿ ಸರಿಸಿಬಿಡುತ್ತಾನೆ. ಬಾಗಿಲಲ್ಲಿ ತಳ್ಳುಮಂಚ ಹಾಯುತ್ತದೋ, ನರ್ಸಿಗೆ ಕೂಸಿನ ಮುಖ ಕಾಣುತ್ತದೋ ಎಂದು ಅದರೊಳಗೆ ಎಲ್ಲವನ್ನೂ ಆಡಿ ನೋಡುತ್ತಿದ್ದರು. ನನ್ನ ಗಂಡ ಅಲ್ಲಿಂದ ಮೈತುಂಬ ಮರದ ಹುಡಿ ಮೆತ್ತಿಕೊಂಡು ಬರುತ್ತಿದ್ದರು. ಹೊಸ ಮದುವಣಿಗನ ಕಳೆ ಬೇರೆ.

ಒಂದು ಭಾನುವಾರ ಬೆಳಿಗ್ಗೆ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. “ನೋಡಿಲ್ಲೆ, ತಾಯಿ ಮಂಚ ಹೆಂಗ ಬಂದೈತಿ!”

ತಾಯಿ ಮಂಚ ಅವರ ಆಸೆಯ ಸಂಗತಿ. ಅವರು ಕೆಲಸ ಮಾಡುತ್ತಿದ್ದ ಕಡೆ ಮಕ್ಕಳು ಒಳಗೆ, ತಾಯಂದಿರು ಹೊರಗೆ, ವರಾಂಡದಲ್ಲಿ ಪೇಪರು ಹಾಸಿಕೊಂಡು. ಹೊಸ ಆಸ್ಪತ್ರೆಯಲ್ಲಿ ಪ್ರತಿ ಕೂಸಿನ ಪಕ್ಕದಲ್ಲೂ ತಾಯಿಗೊಂದು ಕಿರುಮಂಚ ಇರಬೇಕು, ಮಲಗಿದಲ್ಲಿಂದಲೇ ಕೈ ಚಾಚಿದರೆ ಕೂಸಿನ ಕೈ ಸಿಗಬೇಕು ಎಂದು ಅವರು ಹಟ ಹಿಡಿದಿದ್ದರು.

ಚಿತ್ರ ನೋಡಿದೆ. ಕೂಸಿನ ಮಂಚದಲ್ಲಿ ನನ್ನ ಗಂಡ, ಮೊಣಕಾಲನ್ನು ಎದೆಗೆ ಮಡಚಿಕೊಂಡು ಮುದುರಿ ಮಲಗಿದ್ದಾರೆ. ಪಕ್ಕದ ತಾಯಿ ಮಂಚದಲ್ಲಿ ಅವರ ಹೆಡ್ ನರ್ಸು, ಎತ್ತರದ ಹೆಣ್ಣು, ದಪ್ಪ ಜಡೆ. ಸರಳುಗಳ ನಡುವೆ ಕೈ ಹಾಕಿ ಅವರ ಕೈ ಹಿಡಿದಿದ್ದಾಳೆ. ಇಬ್ಬರೂ ನಗುತ್ತಿದ್ದಾರೆ.

“ಈಕಿ ಯಾಕ ಮಲಗ್ಯಾಳ?” ಎಂದೆ.

“ಅಳತಿ ನೋಡಬೇಕಲ್ಲ. ಕೈ ಮುಟ್ಟತೈತೋ ಇಲ್ಲೋ ಅಂತ.”

“ಅದು ತಿಳೀತು. ಈಕೀನ ಯಾಕಂತ ಕೇಳಾಕತ್ತೀನಿ. ನಾ ಸತ್ತಿದ್ನೇನು?”

ಅವರು ಚಾಳೀಸು ತೆಗೆದು ಒರೆಸಿದರು. ಆಪರೇಷನ್ನಿನಲ್ಲಿ ತಪ್ಪದ ಮನುಷ್ಯ ಮಾತಿನಲ್ಲಿ ತಪ್ಪಿದರು: “ಆಕಿಗೆ ಎರಡು ಮಕ್ಕಳದಾವ. ತಾಯಿ ಹೆಂಗ ಮಲಗತಾಳಂತ ಆಕಿಗೆ ಗೊತ್ತಿರತೈತಿ.” ನನ್ನ ಮುಖ ನೋಡಿ ಸೇರಿಸಿದರು, “ನಿನಗ ತ್ರಾಸ ಆಗಬಾರದಂತ ಕರೀಲಿಲ್ಲ.”

“ಏ ಮಂಗ್ಯಾ, ಬಾಯಿ ಮುಚ್ಚು!” ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಅವತ್ತು ಮೊದಲ ಸಲ ಅವರು ನನ್ನ ಪಕ್ಷ ವಹಿಸಿದರು.

ಪರಹೆಂಗಸು ಗಂಡನ ಕೈ ಹಿಡಿದದ್ದಕ್ಕೆ ಸಂಕಟ ಆಗಲಿಲ್ಲವೇ ಎಂದರೆ, ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಒಂದು ಹೊತ್ತಿನ ಊಟ ಬಿಟ್ಟರೆ ಹೋಗುವಂಥ ಸಂಕಟ. ಇದು ಹಾಗಲ್ಲ. ಹೆತ್ತವರನ್ನು ಕಂಡು ಹೊಟ್ಟೆ ಉರಿದುಕೊಂಡೇ ಬದುಕಿದವಳು ನಾನು. ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡವಳನ್ನು ಕಂಡರೆ ಕಿಟಕಿಯ ಕಡೆ ತಿರುಗುತ್ತಿದ್ದೆ. ಅವರೆಲ್ಲ ನಿಜದ ತಾಯಂದಿರು, ಹೋಗಲಿ. ಇಲ್ಲಿ ನೋಡಿ, ಇಡೀ ಊರಿನಲ್ಲಿ ಸುಳ್ಳುಸುಳ್ಳೇ ತಾಯಿಯಾಗಬಹುದಾದ ಒಂದೇ ಒಂದು ಜಾಗ, ಅದೂ ಪ್ಲೈವುಡ್ಡಿನದು, ಅದಕ್ಕೂ ನನ್ನ ಗಂಡನಿಗೆ ನಾನು ನೆನಪಾಗಲಿಲ್ಲ. ಅಲ್ಲ, ನೆನಪಾಗಿಯೂ ನನ್ನನ್ನು ಬಿಟ್ಟರು ಎಂಬುದು ಇನ್ನೂ ಹೆಚ್ಚು ಉರಿಯಿತು. ಆ ನರ್ಸಿನ ಮೇಲೆ ಬಂದ ಹೊಟ್ಟೆಕಿಚ್ಚು ಎಂಥದೆಂದರೆ, ಅವಳ ಜಡೆ ಕೂಡ ನನ್ನ ಕಣ್ಣಿಗೆ ಸೊಕ್ಕಿನದಾಗಿ ಕಂಡಿತು.

ಮರುದಿನ ಬ್ಯಾಂಕಿಗೆ ರಜೆ ಹಾಕಿ ಅವರ ಕಾರಿನಲ್ಲಿ ಕೂತೆ. “ಎಲ್ಲಿಗೆ?” ಎಂದರು. “ಮಲಗಾಕ,” ಎಂದೆ.

ಶೆಡ್ಡಿನೊಳಗೆ ಸೆಕೆ, ಫೆವಿಕಾಲಿನ ವಾಸನೆ. ಆ ನರ್ಸು ಓಡಿ ಬಂದಳು. ಒಳ್ಳೆಯವಳು, ಹಾಳಾದವಳು. ಕೆಟ್ಟವಳಾಗಿದ್ದರೆ ನನಗೆಷ್ಟು ಸುಲಭವಿತ್ತು. “ಪಡುಕೋಂಡಿ ಮೇಡಂ,” ಎಂದು ತೆಲುಗಿನಲ್ಲಿ ಮಲಗಲು ಹೇಳುತ್ತ ತಾಯಿ ಮಂಚದ ದಿಂಬನ್ನು ತಾನೇ ತಟ್ಟಿ ಸರಿಮಾಡಿದಳು. ಚಪ್ಪಲಿ ಬಿಟ್ಟು ಮಲಗಿದೆ. ನನ್ನ ಗಂಡ ಕೂಸಿನ ಮಂಚ ಹತ್ತಿ ಮುದುರಿಕೊಂಡರು.

ಕೈ ಚಾಚಿದೆ. ಮುಟ್ಟಲಿಲ್ಲ. ಭುಜ ಕಿತ್ತುಬರುವ ಹಾಗೆ ಚಾಚಿದರೂ ನಡುವೆ ಒಂದು ಗೇಣು ಉಳಿಯಿತು.

ನನಗಾದ ಸಂತೋಷವನ್ನು ಏನು ಹೇಳಲಿ! ಎದ್ದು ಕೂತು ಜೋರಾಗಿಯೇ ಅಂದೆ: “ಬಡವರ ಮನೀ ತಾಯಂದಿರು ಎಲ್ಲಾರೂ ಈಕಿಯಂಗ ತೆಂಗಿನಮರ ಇರತಾರೇನ್ರಿ ಡಾಕ್ಟರ? ನನ್ನಂಗ ಗಿಡ್ಡ ಇರತಾರ. ಹಿಡೀರಿ ಅಳತಿ!”

ನರ್ಸು ಬೇಜಾರು ಮಾಡಿಕೊಳ್ಳದೆ ನಕ್ಕಳು, ಅದೂ ನನಗೆ ಸೇರಲಿಲ್ಲ. ಬಡಗಿ ಬಂದು ಕೂಸಿನ ಮಂಚವನ್ನು ನನ್ನ ಹತ್ತಿರಕ್ಕೆ ಒತ್ತರಿಸಿದ. ಮತ್ತೆ ಮಲಗಿ ಕೈ ಹಾಕಿದೆ. ಸಿಕ್ಕಿತು. ಗಂಡನ ಅಂಗೈ ಬೆವೆತಿತ್ತು.

ಅಷ್ಟಕ್ಕೆ ಮುಗಿಯಿತು ಅಂದುಕೊಂಡು ಏಳುತ್ತಿದ್ದೆ. ನರ್ಸು ಬಿಡಲಿಲ್ಲ. ಮಂಚ ಸರಿಸಿದ್ದರಿಂದ ಇನ್ನೊಂದು ಪರೀಕ್ಷೆಯನ್ನೂ ಮತ್ತೆ ಮಾಡಿ ನೋಡಬೇಕಂತೆ. ಹೃದಯದ ಕೋಣೆಯಲ್ಲಿ ಯಂತ್ರಗಳ ಸದ್ದು ನಿಲ್ಲುವುದಿಲ್ಲ. ಎದೆಗೆ ಹೊಲಿಗೆ ಬಿದ್ದ ಕೂಸಿಗೆ ಜೋರಾಗಿ ಕೂಗಲು ಬರುವುದಿಲ್ಲ. ಅದು ಮೆಲ್ಲಗೆ ಕರೆದರೆ ಆ ಕಡೆ ತಿರುಗಿ ಮಲಗಿದ ತಾಯಿಗೆ ಕೇಳಿಸಬೇಕು, ಕೇಳಿಸದಿದ್ದರೆ ಮಂಚದ ತಲೆಯ ಕಡೆಯನ್ನು ಬದಲಿಸಬೇಕು. “ಮೊನ್ನೆ ನಾನು ಮಲಗಿದಾಗ ಸಾರ್ ಎಷ್ಟು ಚೆನ್ನಾಗಿ ಅಮ್ಮಾ ಅಮ್ಮಾ ಅಂತ ಕರೆದರು ಗೊತ್ತಾ!” ಎಂದು ಹಿಂದಿಯಲ್ಲಿ ಹೇಳಿ ನಕ್ಕಳು.

ನಾನು ಬೆನ್ನು ತಿರುಗಿಸಿ ಕಣ್ಣು ಮುಚ್ಚಿದೆ. ಅವಳು ಯಂತ್ರಗಳ ಸದ್ದನ್ನು ಫೋನಿಗೆ ಜೋಡಿಸಿದ ಸ್ಪೀಕರಿನಲ್ಲಿ ಹಾಕಿದಳು. ಬುಸ್ ಎಂಬುದು, ಬೀಪ್ ಎಂಬುದು. ಕಾದೆ. ಹಿಂದಿನಿಂದ ಏನೂ ಬರಲಿಲ್ಲ.

“ಸಾರ್, ಪಿಲವಂಡಿ,” ಎಂದಳು ನರ್ಸು. ಕರೆಯಿರಿ ಸಾರ್.

ಅವರು ಗಂಟಲು ಸರಿಮಾಡಿಕೊಂಡದ್ದು ಮಾತ್ರ ಕೇಳಿತು. ಗೋಡೆಯ ಪ್ಲೈವುಡ್ಡು ನನ್ನ ಮೂಗಿಗೆ ತಾಗುವಷ್ಟು ಹತ್ತಿರವಿತ್ತು. ತಿರುಗದೆ ಅಂದೆ: “ಆಕೀನ್ನ ಕರದ್ರಿ. ನನ್ನ ಕರೀರಿ.”

ಕೂಸಿನ ಮಂಚ ಕಿರುಗುಟ್ಟಿತು.

“ಅವ್ವಾ,” ಎಂದರು.

ಒಡೆದ ಗಂಟಲಿನ ಸಣ್ಣ ದನಿ. ಆ ಸದ್ದಿನ ಮೇಲೆಯೂ ಸ್ಪಷ್ಟವಾಗಿ ಬಂತು.

“ಕೇಳಿಸಿತಾ ಮೇಡಂ?” ಎಂದಳು ನರ್ಸು.

“ಇಲ್ಲ,” ಎಂದೆ. “ಇನ್ನೊಮ್ಮೆ ಕರೀರಿ.”