ಒಂದು ಮನೆಗೆ ಎರಡು ಟಿಕೇಟು

ಭಾಗ್ಯಾಳನ್ನು ನಾನು ಮೊದಲು ಕಂಡ ದಿನ ಆಕೆ ನನ್ನ ನೂರು ರೂಪಾಯಿಯ ನೋಟನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ನನ್ನ ಮುಖವನ್ನೂ ಅಷ್ಟೇ ಅನುಮಾನದಿಂದ ನೋಡಿದಳು. ಆಗ ನಾನು ತಾಂಬಾದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಇಂಡಿಯಿಂದ ದಿನಾಲೂ ಸಿಂದಗಿ ಬಸ್ಸು ಹಿಡಿದು ಹೋಗುತ್ತಿದ್ದೆ. ಆಕೆ ಆ ಬಸ್ಸಿಗೆ ಹೊಸದಾಗಿ ಬಂದ ಕಂಡಕ್ಟರು.

"ಹದಿನೆಂಟ ರೂಪಾಯಿ ಟಿಕೇಟಿಗೆ ನೂರರ ನೋಟ ಕೊಟ್ರ ನಾ ಎಲ್ಲಿಂದ ಚಿಲ್ಲರ ಹಡೀಲ್ರಿ ಸರ್ರ?" ಎಂದಳು. ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಟಿಕೇಟಿನ ಹಿಂದೆ ೮೨ ಎಂದು ಬರೆದು, ಕೆಳಗೊಂದು ಗೀಟೆಳೆದು ಕೊಟ್ಟಳು. ಇಳಿಯುವಾಗ ಅದನ್ನು ತೋರಿಸಿ ಬಾಕಿ ಇಸಿದುಕೊಳ್ಳಬೇಕು. ನಾನು ಮರೆತು ಇಳಿದುಹೋದೆ.

ಅದೇ ಸಂಜೆ ತಾಂಬಾದ ಸ್ಟ್ಯಾಂಡಿನಲ್ಲಿ ಅರ್ಧ ಶಾಲೆ ಬಸ್ಸಿಗಾಗಿ ನಿಂತಿತ್ತು. ಬಸ್ಸು ಬಂದಿತು. ಬಾಗಿಲಿಗೆ ಜೋತುಬಿದ್ದು ಆಕೆ ಕೂಗಿದಳು: "ಎಂಬತ್ತೆರಡ ರೂಪಾಯಿ ಮಾಸ್ತರ ಯಾರ್ರೀ?"

ನಿವೃತ್ತನಾಗುವವರೆಗೂ ಹುಡುಗರ ಬಾಯಲ್ಲಿ ನಾನು ಎಂಬತ್ತೆರಡು ಸರ್ ಆಗಿಯೇ ಉಳಿದೆ. ಮೂವತ್ತು ವರ್ಷ ಸಂಧಿ ಸಮಾಸ ಕಲಿಸಿದ್ದು ಯಾರಿಗೂ ನೆನಪಿಲ್ಲ.

ಭಾಗ್ಯಾ ಕುರಿ ಸಾಕುವ ಮನೆಯ ಸೊಸೆ. ಗಂಡ ಸಿದ್ಧರಾಮ ಕುರಿಗಳೊಡನೆ ಆಡುವಷ್ಟು ಮಾತನ್ನು ಮನುಷ್ಯರೊಡನೆ ಆಡುವವನಲ್ಲ. ಅತ್ತೆ ರಾಮವ್ವ ಇಬ್ಬರ ಪಾಲಿನದನ್ನೂ ತಾನೇ ಆಡುತ್ತಾಳೆ. ಇಂಡಿಯ ಬ್ಯಾಂಕಿನಲ್ಲಿ ಸಾಲ ತೆಗೆದು ಭಾಗ್ಯಾ ಊರ ಹೊರಗೆ ಎರಡು ಕೋಣೆಯ ಮನೆ ಕಟ್ಟಿಸಿದಳು. ಮನೆಯ ಕಾಗದಪತ್ರ ಬ್ಯಾಂಕಿನ ತಿಜೋರಿ ಸೇರಿತು. ಗೋಡೆಗೆ ಬಸ್ಸಿನದೇ ಬಣ್ಣ. ಡಿಪೋದ ಪೇಂಟೇ ಎಂದು ಕೇಳಿದವರಿಗೆಲ್ಲ ಅಂಗಡಿಯ ರಸೀದಿ ತೋರಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಆಕೆಯ ಬಸ್ಸಿನಲ್ಲಿ ದಿನವೂ ಮೂರನೆಯ ಸೀಟಿನಲ್ಲಿ ಕೂಡುತ್ತಿದ್ದ ಸಂಜೀವಕುಮಾರರು ಒಂದು ದಿನ ಆಕೆಗೆ ಸುಖದ ಮಾತು ಹೇಳಿದರು. ಅವರ ಮನೆ ಇಂಡಿಯಲ್ಲಿ. ಸಿಂದಗಿಯ ಇನ್ನೊಂದು ಬ್ಯಾಂಕಿಗೆ ಮ್ಯಾನೇಜರು. (ಬ್ಯಾಂಕುಗಳ ಹೆಸರು ಬರೆಯುವುದಿಲ್ಲ, ನನ್ನ ಪಿಂಚಣಿ ಅವುಗಳಲ್ಲೊಂದರಲ್ಲಿ ಬರುತ್ತದೆ.) "ನಮ್ಮಲ್ಲಿ ಬಡ್ಡಿ ಕಡಿಮಿ ಐತಿ. ನಿನ್ನ ಸಾಲ ನಮ್ಮ ಬ್ಯಾಂಕಿಗೆ ತಿರುಗಿಸ್ಕೋ. ಇಂಡಿಯವ್ರ ರೊಕ್ಕ ನಾವ ಕಟ್ಟಿ ಮುಗಸ್ತೇವಿ. ನೀ ನಮಗಷ್ಟ ಕಂತ ಕಟ್ಟು," ಎಂದರು. ಕಂತಿನಲ್ಲಿ ತಿಂಗಳಿಗೆ ಐದುನೂರು ರೂಪಾಯಿ ಉಳಿಯುತ್ತಿತ್ತು. ಭಾಗ್ಯಾ ಮೂವತ್ತು ಕಡೆ ಸಹಿ ಮಾಡಿದಳು.

ಮರು ತಿಂಗಳು ಸಂಬಳ ಬಂದ ದಿನವೇ ಸಿಂದಗಿಯ ಬ್ಯಾಂಕು ಕಂತು ಎಳೆದುಕೊಂಡಿತು. ಒಂದು ತಾಸಿನ ಬಳಿಕ ಇಂಡಿಯ ಬ್ಯಾಂಕೂ ಎಳೆದುಕೊಂಡಿತು.

ರಾಮವ್ವ ಮೊಬೈಲಿನ ಎರಡು ಮೆಸೇಜುಗಳನ್ನೂ ಓದಿಸಿ ಕೇಳಿ, "ಒಂದ ಮನಿಗೆ ಇಬ್ರು ಗಂಡಂದ್ರಾದ್ರಲ್ಲವಾ! ಇನ್ನ ಇಬ್ರಿಗೂ ಅಡಗಿ ಮಾಡಿ ಹಾಕ್ಕೋತ ಕೂಡು," ಎಂದಳು.

ವಾರದ ರಜೆಯಲ್ಲಿ ಭಾಗ್ಯಾ ಎರಡೂ ಬ್ಯಾಂಕಿಗೆ ಅಲೆದಳು. ಸಿಂದಗಿಯವರು ಹಣ ಕಳಿಸಿದ್ದೇವೆ, ಅಲ್ಲಿ ಕೇಳು ಎಂದರು. ಇಂಡಿಯವರು ನಿನ್ನ ಸಾಲಕ್ಕೆ ಹಣ ಬಂದಿಲ್ಲ, ಅಲ್ಲಿ ಕೇಳು ಎಂದರು. ಸಂಜೀವಕುಮಾರರು ಮಾತ್ರ ಸಮಾಧಾನದ ಮನುಷ್ಯರು. "ಸದ್ಯಕ್ಕ ಎರಡೂ ಕಡೆ ಕಟ್ಟಾಕತ್ತಿರು. ಮುಂದ ಹೊಂದಾಣಿಕಿ ಆಗ್ತೈತಿ," ಎನ್ನುತ್ತಿದ್ದರು.

ಮೂರನೆಯ ತಿಂಗಳು ಇಂಡಿಯವರೇ ಮೊದಲು ಎಳೆದುಕೊಂಡರು, ಉಳಿದ ಸಂಬಳ ಸಾಲದೆ ಸಿಂದಗಿಯ ಕಂತು ವಾಪಸಾಯಿತು. ಐದುನೂರ ತೊಂಬತ್ತು ರೂಪಾಯಿ ದಂಡ ಬಿದ್ದಿತು. ಅದರ ಬೆನ್ನಿಗೇ ನೋಟೀಸು: ಬಾಕಿ ಕಟ್ಟದಿದ್ದರೆ ಮನೆಯ ಮೇಲೆ ಕ್ರಮ. ಸಿದ್ಧರಾಮ ಏನೂ ಮಾತಾಡದೆ ನಾಲ್ಕು ಕುರಿ ಹೊಡೆದುಕೊಂಡು ಹೋಗಿ ಮಾರಿ ಬಂದ. ಅವನು ಮಾತಾಡದಿದ್ದುದು ಹೊಸದಲ್ಲ. ಆದರೆ ಅಂದು ರಾಮವ್ವನೂ ಮಾತಾಡಲಿಲ್ಲ. ಭಾಗ್ಯಾ ಹೆದರಿದ್ದು ಆಗ.

ಆಕೆಯ ಪರವಾಗಿ ನಾನೊಂದು ಅರ್ಜಿ ಬರೆದುಕೊಟ್ಟೆ. "ಸನ್ಮಾನ್ಯರ ಸನ್ನಿಧಿಗೆ ಸವಿನಯ ವಿಜ್ಞಾಪನೆ" ಎಂದು ಆರಂಭಿಸಿ ಮೂರು ಪುಟ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಉತ್ತರವೂ ಬರಲಿಲ್ಲ.

ಏಪ್ರಿಲ್ಲಿನ ಒಂದು ಮುಂಜಾನೆ ನಾನು ಕನ್ನಡಕ ಮಾಡಿಸಲು ಸಿಂದಗಿಗೆ ಹೊರಟಿದ್ದೆ. ಭಾಗ್ಯಾಳದೇ ಬಸ್ಸು. ಮೂರನೆಯ ಸೀಟಿನಲ್ಲಿ ಸಂಜೀವಕುಮಾರರು, ಹಿಂದೆ ಎರಡು ಚೀಲ ಲಿಂಬೆಹಣ್ಣಿನೊಡನೆ ವ್ಯಾಪಾರಿ ಶಂಕರೆಪ್ಪ. ತಾಂಬಾ ದಾಟಿದ ಮೇಲೆ ಬಸ್ಸು ನಾಲ್ಕು ಸಲ ಕೆಮ್ಮಿ ನಿಂತುಬಿಟ್ಟಿತು.

ಭಾಗ್ಯಾ ಎಲ್ಲರನ್ನೂ ಇಳಿಸಿ ಬೇವಿನ ಮರದ ಕೆಳಗೆ ನಿಲ್ಲಿಸಿ ಟಿಕೇಟು ನೋಡಿದಳು. ರೊಕ್ಕದ ಟಿಕೇಟು ಒಂಬತ್ತು, ಹೆಣ್ಣುಮಕ್ಕಳ ಸೊನ್ನೆ ಟಿಕೇಟು ಹದಿನೆಂಟು, ಲಿಂಬೆಹಣ್ಣಿನ ಲಗೇಜು ಎರಡು. ಚೀಟಿಯಲ್ಲಿ ಬರೆದು ಸಹಿ ಮಾಡಿ, ಹಿಂದಿನಿಂದ ಬಂದ ಬಸ್ಸಿನ ಕಂಡಕ್ಟರ್ ನಿಯಾಜನ ಕೈಗೆ ಕೊಟ್ಟಳು. ನಿಯಾಜ ತಲೆ ಎಣಿಸಿ ಹತ್ತಿಸಿಕೊಳ್ಳತೊಡಗಿದ. ಯಾರಿಗೂ ಒಂದು ಪೈಸೆ ಕೇಳಲಿಲ್ಲ.

ಸಂಜೀವಕುಮಾರರು ಮೆಟ್ಟಿಲಿಗೆ ಕಾಲಿಟ್ಟರು. ಭಾಗ್ಯಾ ಬಾಗಿಲಿಗೆ ಕೈ ಅಡ್ಡ ಇಟ್ಟಳು.

"ಸಾಹೇಬ್ರ, ನೀವು ಇನ್ನೊಂದ ಟಿಕೇಟ ತೊಗೋಬೇಕ್ರಿ."

"ಯಾಕ? ಇಂಡಿಯೊಳಗ ನಿನ್ನ ಕಡೇನ ತೊಗೊಂಡೇನಲ್ಲ!"

"ಅದು ಆ ಬಸ್ಸಿಂದ್ರಿ. ಆ ರೊಕ್ಕ ಈ ಬಸ್ಸಿಗೆ ಮುಟ್ಟಿಲ್ಲ. ಅಲ್ಲಿ ಕೇಳ್ರಿ."

"ಅಲ್ಲಿ ಅಂದ್ರ ಯಾರ್ನ ಕೇಳ್ಲಿ? ಕೆಟ್ಟ ಬಸ್ನ್ಯಾಗ ಯಾರದಾರ?"

"ಸದ್ಯಕ್ಕ ಎರಡೂ ಬಸ್ಸಿಗೆ ಕೊಡಾಕತ್ತಿರ್ರಿ. ಮುಂದ ಹೊಂದಾಣಿಕಿ ಆಗ್ತೈತಿ."

ಬಸ್ಸಿನೊಳಗಿಂದ ಶಂಕರೆಪ್ಪ, "ಯಕ್ಕಾ, ಸಾಹೇಬ್ರ ಬ್ಯಾಗಿಗೂ ಒಂದ ಲಗೇಜ ಹರೀ!" ಎಂದು ಕೂಗಿದ. ಹದಿನೆಂಟು ಸೊನ್ನೆ ಟಿಕೇಟುಗಳೂ ಒಟ್ಟಿಗೆ ನಕ್ಕವು. ಮ್ಯಾನೇಜರ ಮುಖ ಲಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು.

"ಭಾಗ್ಯಕ್ಕಾ, ಟೈಮಾತು, ಬಿಡ್ರಿ," ಎಂದ ನಿಯಾಜ.

ಭಾಗ್ಯಾ ನಗಲಿಲ್ಲ. "ಇಪ್ಪತ್ತೇಳು ಮಂದೀನ ಒಂದ ಬಸ್ಸಿನಿಂದ ಇನ್ನೊಂದಕ್ಕ ಹಾಕಾಕ ನನಗ ಹತ್ತ ನಿಮಿಷ ಸಾಕಾತ್ರಿ, ಒಂದ ಚೀಟಿ ಸಾಕಾತು. ನಿಮಗ ಒಂದ ಸಾಲಾ ಹಾಕಾಕ ಐದ ತಿಂಗಳಾತು. ಚೀಟ್ಯಾಗ ನಾ ತಪ್ಪ ಬರದ್ರ ದಂಡ ನನಗ ಬೀಳ್ತೈತಿ, ಮಂದಿಗಲ್ಲ. ನನ್ನ ಮನಿ ಹೋಗಾಕತ್ತೇತಿ ಸಾಹೇಬ್ರ," ಎಂದಳು. ಕೊನೆಯ ಮಾತಿಗೆ ದನಿ ಸಣ್ಣದಾಯಿತು. ಬಸ್ಸಿನಲ್ಲಿ ನಗು ನಿಂತಿತು.

ಆಕೆ ಕೈ ತೆಗೆದು, ಅವರ ಟಿಕೇಟನ್ನೇ ಇಸಿದುಕೊಂಡು ಹಿಂದೆ ಇಂಡಿಯ ಸಾಲದ ಸಂಖ್ಯೆ ಬರೆದು, ಕೆಳಗೊಂದು ಗೀಟೆಳೆದು ಕೊಟ್ಟಳು. "ಇಳಿಯೂ ಮುಂದ ಮರೀಬ್ಯಾಡ್ರಿ."

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಸಿಂದಗಿಯವರೆಗೂ ಅವರು ಆ ಟಿಕೇಟನ್ನು ಕಿಸೆಗೆ ಹಾಕಲಿಲ್ಲ. ಕಚೇರಿಗೆ ಹೋದವರೇ ಹಣ ಕಳಿಸಿದ ಪತ್ರದ ನಕಲು ತೆಗೆಸಿ, ಟಿಕೇಟನ್ನು ಪಕ್ಕದಲ್ಲಿಟ್ಟು ನೋಡಿದರಂತೆ. ಸಾಲದ ಸಂಖ್ಯೆಯಲ್ಲಿ ಏಳು ಮತ್ತು ಒಂದು ಅದಲು ಬದಲಾಗಿದ್ದವು. ಭಾಗ್ಯಾಳ ಅಷ್ಟೂ ಹಣ ಇಂಡಿಯ ಬ್ಯಾಂಕಿನಲ್ಲೇ ಯಾರದೆಂದು ತಿಳಿಯದ ಹಣವೆಂದು ಐದು ತಿಂಗಳು ಬಿದ್ದುಕೊಂಡಿತ್ತು.

ಸರಿಯಾದ ಪತ್ರ ಮರುದಿನವೇ ಹೋಯಿತು. ಹದಿನೈದು ದಿನದಲ್ಲಿ ಹಳೆಯ ಸಾಲ ಮುಗಿಯಿತು, ಹೆಚ್ಚಿಗೆ ಹೋದ ಐದು ಕಂತು ವಾಪಸು ಬಂದವು, ನೋಟೀಸು ಹಿಂದಕ್ಕೆ ಪಡೆದ ಕಾಗದವೂ ಬಂದಿತು. ರಾಮವ್ವ ಅದನ್ನು ದೇವರ ಜಗಲಿಯ ಮೇಲಿಟ್ಟಳು. ಸಿದ್ಧರಾಮ ಎರಡು ಮರಿ ಕೊಂಡು ತಂದ. ಐದುನೂರ ತೊಂಬತ್ತು ರೂಪಾಯಿಯ ದಂಡ ಮಾತ್ರ ಬರಲಿಲ್ಲ. ಅದನ್ನು ಯಾರು ಕೊಡಬೇಕೆಂದು ಎರಡು ಬ್ಯಾಂಕುಗಳೂ ಇನ್ನೂ ಒಬ್ಬರನ್ನೊಬ್ಬರು ಕೇಳುತ್ತಿವೆ.

ಭಾಗ್ಯಾ ಈಗಲೂ ಅದೇ ಬಸ್ಸಿನಲ್ಲಿದ್ದಾಳೆ. ಒಂದೇ ಕಂತು ಕಟ್ಟುತ್ತಾಳೆ. ಸಂಜೀವಕುಮಾರರೂ ಅದೇ ಸೀಟಿನಲ್ಲಿ ಸರಿಯಾದ ಚಿಲ್ಲರೆ ಹಿಡಿದುಕೊಂಡು ಕೂಡುತ್ತಾರೆ. ಆದರೂ ಆಕೆ ದಿನವೂ ಅವರ ಟಿಕೇಟಿನ ಹಿಂದೆ ೫೯೦ ಎಂದು ಬರೆದು, ಗೀಟೆಳೆದೇ ಕೊಡುತ್ತಾಳೆ. ಅವರ ಮೇಜಿನ ಖಾನೆಯಲ್ಲಿ ಅಂಥ ಟಿಕೇಟುಗಳ ಒಂದು ಕಟ್ಟೇ ಇದೆಯಂತೆ. ಹೋದ ವಾರ ಅವರು ಬೇಸತ್ತು ನೂರರ ಆರು ನೋಟು ಎಣಿಸಿ ಮುಂದೆ ಹಿಡಿದರು.

"ನಿಮ್ಮ ಕಿಸೇದ್ದು ಬ್ಯಾಡ್ರಿ ಸಾಹೇಬ್ರ," ಎಂದಳು ಭಾಗ್ಯಾ. "ಬ್ಯಾಂಕಿಂದ ಬರ್ಲಿ, ರಸೀದಿ ಸಹಿತ. ಅಷ್ಟಕ್ಕೂ ಹತ್ತ ರೂಪಾಯಿ ಚಿಲ್ಲರ ನಾ ಎಲ್ಲಿಂದ ಹಡೀಲಿ?"

ಮತ್ತೆ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಬಾಗಿಲೆಳೆದು, ಡ್ರೈವರನಿಗೆ ರೈಟ್ ಹೇಳಿದಳು.